ಅಮ್ರಾಳ ಬೋಗುಣಿ

ಪುಣೆಯ ಖರಾಡಿಯ ನಮ್ಮ ಮನೆಯ ಅಡುಗೆಕಟ್ಟೆಯ ಮೇಲೆ ಮೊನ್ನೆಯಿಂದ ಒಂದು ಪ್ಲಾಸ್ಟಿಕ್ ಡಬ್ಬಿ ಕೂತಿದೆ. ಹೋಟೆಲಿನವರು ಸಾಂಬಾರು ಕಟ್ಟಿಕೊಡುತ್ತಾರಲ್ಲ, ಅಂಥದ್ದು. ಎದುರು ಫ್ಲ್ಯಾಟಿಗೆ ಹೊಸದಾಗಿ ಬಂದಿರುವ ರಮ್ಯಾ ಅದರಲ್ಲಿ ಬಿಸಿಬೇಳೆ ಬಾತ್ ಹಾಕಿ ತಂದುಕೊಟ್ಟಳು. ಬೆಂಗಳೂರಿನ ಹುಡುಗಿ, ಪುಣೆಗೆ ಬಂದು ಇನ್ನೂ ವಾರ ತುಂಬಿಲ್ಲ. ನಮ್ಮ ಬಾಗಿಲಿನ ಮೇಲಿನ ಅಡ್ಡಹೆಸರು ನೋಡಿ ಇವರು ಕನ್ನಡದವರೇ ಇರಬೇಕು ಎಂದು ಪತ್ತೆ ಹಚ್ಚಿದಳಂತೆ.

"ಡಬ್ಬಿ ವಾಪಸ್ ಬೇಡ ಅಕ್ಕಾ, ಯೂಸ್ ಅಂಡ್ ಥ್ರೋ ಅದು. ನಿಮ್ಗೆ ಸುಮ್ನೆ ಟೆನ್ಷನ್ ಯಾಕೆ" ಎಂದಳು.

"ಪುಣೆ ಹೆಂಗನಸ್ತು?" ಎಂದೆ.

"ಪರ್ವಾಗಿಲ್ಲ ಅಕ್ಕಾ" ಎಂದವಳು ಒಂದು ಕ್ಷಣ ಬಿಟ್ಟು, "ನಂಗ್ಯಾಕೋ ಸೆಟ್ ಆಗಲ್ಲ ಅನ್ಸುತ್ತೆ. ಮರಾಠಿ ಬರಲ್ಲ, ಯಾರೂ ಗೊತ್ತಿಲ್ಲ. ಈ ವೀಕೆಂಡ್ ಊರಿಗೆ ಹೋದ್ರೆ ಮತ್ತೆ ಬರ್ತೀನೋ ಇಲ್ವೋ" ಎಂದು ನಕ್ಕಳು. ನಗು ಮುಖಕ್ಕೆ ಸರಿಯಾಗಿ ಹತ್ತಿರಲಿಲ್ಲ. ನಾನು ಏನಾದರೂ ಹೇಳುವಷ್ಟರಲ್ಲಿ ಅವಳ ಮನೆಯಲ್ಲಿ ಫೋನು ರಿಂಗಾಯಿತು, ಹೋದಳು.

ಬಾತ್ ರುಚಿಯಾಗಿತ್ತು, ಅದರಲ್ಲಿ ಎರಡು ಮಾತಿಲ್ಲ. ತಿಂದಾದ ಮೇಲೆ ಡಬ್ಬಿ ತೊಳೆದೆ. ಎಷ್ಟು ತಿಕ್ಕಿದರೂ ಅರಿಶಿನದ ಕಲೆ ಹೋಗಲಿಲ್ಲ. ಬಿಸಾಡಲು ಕೈ ಬರಲಿಲ್ಲ, ವಾಪಸು ಕೊಡೋಣವೆಂದರೆ ಬೇಡವೆಂದಿದ್ದಾಳೆ. ಹಾಗಾಗಿ ಮೊನ್ನೆಯಿಂದ ನಾನೂ ಡಬ್ಬಿಯೂ ಒಬ್ಬರ ಮುಖ ಒಬ್ಬರು ನೋಡುತ್ತ ಕೂತಿದ್ದೇವೆ. ಪಾತ್ರೆ ವಾಪಸು ಬೇಡ ಎಂದರೆ ನನಗೆ ಸಿಟ್ಟು ಬರುತ್ತದೆ. ಇದು ನನ್ನ ಸ್ವಭಾವದ ದೋಷ ಇರಬಹುದು, ಆದರೆ ಆ ದೋಷಕ್ಕೆ ಒಂದು ಹಿನ್ನೆಲೆಯಿದೆ, ಸ್ವಲ್ಪ ಕೇಳಿ.

ನಾನು ಬೆಳೆದದ್ದು ಇದೇ ಪುಣೆಯ ಕಾತ್ರಜದಲ್ಲಿ. ಅಪ್ಪ ಮಾರ್ಕೆಟ್ ಯಾರ್ಡಿನ ಬೆಲ್ಲದ ಅಂಗಡಿಯಲ್ಲಿ ಗುಮಾಸ್ತರು, ಅಮ್ಮ ವಿಜಾಪುರದ ಕಡೆಯವಳು. ಊರ ಕಡೆಯಿಂದ ಬರುವ ಬಸ್ಸುಗಳೆಲ್ಲ ನಸುಕಿನಲ್ಲಿ ಕಾತ್ರಜದಲ್ಲೇ ಜನರನ್ನು ಇಳಿಸುವುದರಿಂದ ನಮ್ಮ ಎರಡು ಕೋಣೆಯ ಮನೆ ಬಂಧುಬಳಗಕ್ಕೆಲ್ಲ ಬಸ್ ಸ್ಟ್ಯಾಂಡಿನ ಮುಂದುವರಿದ ಭಾಗವಾಗಿತ್ತು. ಬಂದವರು ಕಡಕ್ ರೊಟ್ಟಿಯ ಕಟ್ಟು, ಶೇಂಗಾ ಚಟ್ನಿ ತರುತ್ತಿದ್ದರು. ಅದರಲ್ಲಿ ಒಂದು ಪಾಲು ತಕ್ಷಣ ಗೋಡೆಯಾಚೆಯ ಶಿಂದೆ ಕಾಕೂ ಮನೆಗೆ ಹೋಗಬೇಕು. ಹೊತ್ತುಕೊಂಡು ಹೋಗುವ ಕೆಲಸ ನನ್ನದು.

ಅಮ್ಮನ ಬಳಿ ಅದಕ್ಕಾಗಿಯೇ ಒಂದು ಸ್ಟೀಲ್ ಡಬ್ಬಿಯಿತ್ತು, ಮುಚ್ಚಳದ ಮೇಲೆ ಚುಕ್ಕಿಚುಕ್ಕಿಯಾಗಿ ಅವಳ ಹೆಸರು ಕೊರೆಸಿದ್ದು. ಕಾಕೂ ಬಾಗಿಲು ತೆಗೆದವರೇ "ಕಾಯ್ ಆಣಲಂಸ್ ಗಂ?" ಎಂದು ಏನು ತಂದೆಯೆಂದು ಕೇಳುವ ಮೊದಲೇ ಮುಚ್ಚಳ ತೆಗೆದು ಮೂಸುತ್ತಿದ್ದರು. ಆ ಡಬ್ಬಿ ಕೆಲವು ದಿನ ಅವರ ಮನೆಯಲ್ಲಿದ್ದು, ಥಾಲಿಪೀಠವನ್ನೋ ಮಾವಿನಕಾಯಿ ಬೆಲ್ಲದ ಗುಳಂಬವನ್ನೋ ಹೊತ್ತುಕೊಂಡು ವಾಪಸು ಬರುತ್ತಿತ್ತು. ಖಾಲಿ ಬಂದದ್ದನ್ನು ನಾನು ನೋಡಿಲ್ಲ. ಒಮ್ಮೆ ಕಾಕೂ ಊರಿಗೆ ಹೊರಡುವ ಗಡಿಬಿಡಿಯಲ್ಲಿದ್ದರು. ಆಗಲೂ ಡಬ್ಬಿಯ ತಳದಲ್ಲಿ ಒಂದು ಚಮಚ ಸಕ್ಕರೆಯಿತ್ತು.

"ಸಕ್ಕರಿ ನಮ್ಮನ್ಯಾಗ ಇಲ್ಲೇನು? ಯಾಕ ಹಾಕ್ಯಾರ?" ಎಂದು ನಾನು ಅಮ್ಮನನ್ನು ಕೇಳಿದ್ದೆ.

"ಖಾಲಿ ಕೊಟ್ರ ಮುಗೀತಲ್ಲವಾ" ಎಂದಳು ಅಮ್ಮ.

ಏನು ಮುಗಿಯಿತು ಎಂದು ಅವಳು ಬಿಡಿಸಿ ಹೇಳಲಿಲ್ಲ. ನನಗೂ ಆಗ ಆ ಸಕ್ಕರೆಯನ್ನು ನೆಕ್ಕುವುದು ಮುಖ್ಯವಾಗಿತ್ತು.

ಇಂಥ ಮನೆಯ ಹುಡುಗಿ ನಗರ ಸಾರಿಗೆಯ ವಿಷಯ ಓದಲು ಜರ್ಮನಿಯ ಲೈಪ್ಜಿಗ್ ಎಂಬ ಊರಿಗೆ ಹೊರಟಳು. ಟ್ರಾಫಿಕ್ಕಿಗೆ ಹೆಸರಾದ ಪುಣೆಯವಳು ಸಾರಿಗೆ ಓದಲು ಹೊರಟಿದ್ದು ಕೇಳಿ ನಕ್ಕವರೇ ಹೆಚ್ಚು. ಆದರೆ ನಮ್ಮ ಹೌಸಿಂಗ್ ಸೊಸೈಟಿಯವರು ನಗಲಿಲ್ಲ, ಫ್ಲೆಕ್ಸ್ ಹಾಕಿಸಿದರು. ಪುಣೆಯಲ್ಲಿ ಇದ್ದವರಿಗೆ ಹೇಳಬೇಕಾಗಿಲ್ಲ: ಇಲ್ಲಿ ಹುಟ್ಟುಹಬ್ಬಕ್ಕೂ ಫ್ಲೆಕ್ಸ್, ಪರೀಕ್ಷೆ ಪಾಸಾದರೂ ಫ್ಲೆಕ್ಸ್. ಗೇಟಿನ ಪಕ್ಕ ಮರಾಠಿಯಲ್ಲಿ 'ಹಾರ್ದಿಕ ಅಭಿನಂದನ' ಎಂದು ಬರೆದು, ಮಧ್ಯದಲ್ಲಿ ಪಾಸ್‌ಪೋರ್ಟಿನ ನನ್ನ ಗಾಬರಿಯ ಮುಖ, ಸುತ್ತಲೂ ಕಮಿಟಿಯ ಸದಸ್ಯರ ಫೋಟೋಗಳು. ಅಧ್ಯಕ್ಷರ ಫೋಟೋ ನನ್ನದಕ್ಕಿಂತ ದೊಡ್ಡದಿತ್ತು. ವಿದೇಶಕ್ಕೆ ಅವರೇ ಹೊರಟಿದ್ದಾರೇನೋ ಎಂದು ಹಾಲಿನವನಿಗೆ ಸಂಶಯ ಬಂದಿತ್ತಂತೆ. ಅಪ್ಪ ದಿನವೂ ಅಂಗಡಿಗೆ ಹೋಗುವಾಗ ಅದರ ಮುಂದೆ ಒಂದು ನಿಮಿಷ ನಿಂತು, ಬೂಟಿನ ದಾರ ಕಟ್ಟಿಕೊಳ್ಳುವ ನೆಪ ಮಾಡುತ್ತಿದ್ದರು. ಅಪ್ಪ ಹಾಕುವುದು ಚಪ್ಪಲಿ.

ಅಷ್ಟೆಲ್ಲ ಗೌರವ ಹೊತ್ತು ಹೋದವಳ ದೊಡ್ಡ ಬ್ಯಾಗು ನನ್ನ ಜೊತೆ ಬರಲಿಲ್ಲ. ವಿಮಾನ ಬದಲಿಸುವ ಕಡೆ ಅದು ಬೇರೆ ಯಾವುದೋ ದಾರಿ ಹಿಡಿಯಿತು. ರೊಟ್ಟಿ, ಚಟ್ನಿಪುಡಿ, ಖಾರ, ಸಾಸಿವೆ, ಅಮ್ಮನ ಆ ಸ್ಟೀಲ್ ಡಬ್ಬಿ, ಎಲ್ಲವೂ ಅದರಲ್ಲಿದ್ದವು. ನನ್ನ ಕೈಯಲ್ಲಿ ಉಳಿದದ್ದು ಸರ್ಟಿಫಿಕೇಟು ಮತ್ತು ಒಂದು ಸ್ವೆಟರು. ವಿದ್ಯಾರ್ಥಿ ನಿಲಯ ಮುಟ್ಟಿದ್ದು ಶನಿವಾರ ಸಂಜೆ. ಬೆಳಿಗ್ಗೆ ಎದ್ದು ಬ್ರೆಡ್ ತರೋಣವೆಂದು ಹೊರಟರೆ ಊರಿಗೆ ಊರೇ ಬಾಗಿಲು ಹಾಕಿಕೊಂಡಿತ್ತು. ಏನಾದರೂ ಗಲಾಟೆಯಾಗಿ ಬಂದ್ ಕರೆದಿದ್ದಾರೆಯೇ ಎಂದು ಹೆದರಿದೆ. ಅಲ್ಲಿ ಭಾನುವಾರವೆಂದರೆ ಅಂಗಡಿಗಳೆಲ್ಲ ಮುಚ್ಚಿರುತ್ತವೆ ಎಂದು ನನಗೆ ಯಾರೂ ಹೇಳಿರಲಿಲ್ಲ.

ಅದೇ ದಿನ ಇನ್ನೊಂದು ಅವಮಾನವೂ ಆಯಿತು. ರಸ್ತೆ ದಾಟುವಾಗ ಅಭ್ಯಾಸಬಲದಿಂದ, ಪುಣೆಯ ಸ್ವಾರಗೇಟಿನಲ್ಲಿ ಬಸ್ಸಿಗೆ ಹಿಡಿಯುವ ಹಾಗೆ ಬಲಗೈ ಅಡ್ಡ ಹಿಡಿದು, ಕೆಂಪು ದೀಪವನ್ನು ಲೆಕ್ಕಿಸದೆ ನಡೆದೆ. ಬರುತ್ತಿದ್ದ ಟ್ರಾಮು ಕಿರ್ರೆಂದು ನಿಂತಿತು. ಆಚೆ ದಡದಲ್ಲಿ ನಿಂತಿದ್ದ ಒಬ್ಬ ಅಜ್ಜ ನನಗೆ ಜರ್ಮನ್ ಭಾಷೆಯಲ್ಲಿ ಮಂಗಳಾರತಿ ಎತ್ತಿದ. ಒಂದು ಶಬ್ದವೂ ತಿಳಿಯಲಿಲ್ಲ, ಪೂರ್ತಿ ಅರ್ಥವಾಯಿತು. ಸಾರಿಗೆ ಓದಲು ಬಂದವಳು ನಾನು.

ಕೋಣೆಗೆ ಬಂದು ಬಾಗಿಲು ಹಾಕಿಕೊಂಡು ಅತ್ತೆ. ಹಸಿವಿಗೋ ನಾಚಿಕೆಗೋ ಮನೆ ನೆನಪಿಗೋ ಗೊತ್ತಿಲ್ಲ, ಮೂರೂ ಸೇರಿ ಬಂದಿದ್ದವು. ಆಗ ಬಾಗಿಲು ಬಡಿದ ಸದ್ದಾಯಿತು. ಪಕ್ಕದ ಕೋಣೆಯ ಹುಡುಗಿ ನಿಂತಿದ್ದಳು. ಅಮ್ರಾ ಎಂದು ಹೆಸರು, ಬೋಸ್ನಿಯಾ ದೇಶದವಳು, ನನಗಿಂತ ಸ್ವಲ್ಪ ದಿನ ಮುಂಚೆ ಬಂದಿದ್ದಳು. ಅವಳ ಕೈಯಲ್ಲಿ ನೀಲಿ ಹೂವಿನ ಒಂದು ಬೋಗುಣಿ, ಅದರ ತುಂಬ ಕಾಳಿನ ಸಾರು. ನನ್ನ ಮುಖ ನೋಡಿ ಅವಳೇ "ಮಾಂಸ ಇಲ್ಲ, ಬರೀ ಕಾಳು" ಎಂದು ಇಂಗ್ಲಿಷಿನಲ್ಲಿ ಹೇಳಿ, ಕೈಗೆ ಕೊಟ್ಟು ಹೊರಟುಹೋದಳು. ಉಪ್ಪು ಕಡಿಮೆಯಿತ್ತು, ಖಾರವಂತೂ ಇಲ್ಲವೇ ಇಲ್ಲ. ಅಷ್ಟು ರುಚಿಯಾದ ಸಾರನ್ನು ನಾನು ಮತ್ತೆ ಉಂಡಿಲ್ಲ.

ಬೋಗುಣಿ ತೊಳೆದು ಕಿಟಕಿಯ ಮೇಲಿಟ್ಟೆ. ವಾಪಸು ಕೊಡಬೇಕು. ಆದರೆ ಹೇಗೆ ಕೊಡುವುದು? ಅದರಲ್ಲಿ ಹಾಕಲು ನನ್ನ ಬಳಿ ಏನೂ ಇರಲಿಲ್ಲ. ಮರುದಿನ ಅಂಗಡಿಯಿಂದ ಬಿಸ್ಕತ್ತು ತಂದೆ. ಕೊಂಡು ತಂದದ್ದನ್ನು ಹಾಕಿ ಕೊಟ್ಟರೆ ಲೆಕ್ಕ ತೀರಿಸಿದ ಹಾಗಾಗುತ್ತದೆ ಎಂದು ಅನ್ನಿಸಿ, ಆ ಬಿಸ್ಕತ್ತನ್ನು ನಾನೇ ತಿಂದು ಮುಗಿಸಿದೆ. ಅಲ್ಲಿಂದ ಶುರುವಾಯಿತು ನೋಡಿ ನನ್ನ ಕಳ್ಳನಡಿಗೆ. ಹೊರಗೆ ಹೋಗುವ ಮೊದಲು ಬಾಗಿಲಿಗೆ ಕಿವಿಯಿಟ್ಟು, ಅಮ್ರಾ ಕಾರಿಡಾರಿನಲ್ಲಿ ಇಲ್ಲವೆಂದು ಖಾತ್ರಿ ಮಾಡಿಕೊಂಡು, ಬೂಟು ಕೈಯಲ್ಲಿ ಹಿಡಿದು ಮೆಟ್ಟಿಲು ಇಳಿಯುತ್ತಿದ್ದೆ. ಎದುರಾದರೆ ಬೋಗುಣಿ ಎಲ್ಲಿ ಎಂದು ಕೇಳಿಬಿಟ್ಟಾಳು ಎಂಬ ಭಯ.

ಮಂಗಳವಾರ ವಿಶ್ವವಿದ್ಯಾಲಯದಲ್ಲಿ ಮೊದಲ ಸಭೆ. ಎಲ್ಲರೂ ತಮ್ಮ ಪರಿಚಯ ಹೇಳಿಕೊಂಡರು. ನನ್ನ ಸರದಿ ಬಂದಾಗ ಹೆಸರು ಮತ್ತು ಪುಣೆ ಎರಡೇ ಹೊರಬಂದವು. ಬಿಡುವಿನಲ್ಲಿ ಎಲ್ಲರೂ ಗುಂಪುಗುಂಪಾಗಿ ಕಾಫಿಗೆ ಹೋದರು. ನಾನು ಫೋನಿನಲ್ಲಿ ಬಹಳ ಮುಖ್ಯವಾದ ಏನನ್ನೋ ಓದುವವಳ ಹಾಗೆ ನಿಂತೆ. ಓದುತ್ತಿದ್ದದ್ದು ಪುಣೆಯ ಹವಾಮಾನ. ಸಂಜೆ ಕೋಣೆಗೆ ಬರುವಷ್ಟರಲ್ಲಿ ತೀರ್ಮಾನವಾಗಿತ್ತು. ಇದು ನನ್ನಿಂದ ಆಗುವ ಮಾತಲ್ಲ, ವಾಪಸು ಹೋಗುತ್ತೇನೆ. ಫ್ಲೆಕ್ಸ್ ಇಳಿಸುವ ತನಕ ಸೋದರತ್ತೆಯ ಮನೆಯಲ್ಲಿದ್ದು ಆಮೇಲೆ ಕಾತ್ರಜಕ್ಕೆ ಹೋದರಾಯಿತು ಎಂಬಲ್ಲಿಯವರೆಗೆ ಯೋಚಿಸಿದ್ದೆ.

ಅಪ್ಪನಿಗೆ ಫೋನು ಮಾಡಿದೆ.

"ಅಪ್ಪಾ, ಫ್ಲೆಕ್ಸ್ ಇನ್ನೂ ಅದ ಏನು?"

"ಅದ ಅಂದ್ರ! ಗಟ್ಟಿ ಅದ. ಮೊನ್ನಿ ಭಾಳ ಮಳಿ ಬಂತು, ಏನೂ ಆಗಿಲ್ಲ" ಎಂದರು ಅಪ್ಪ ಹೆಮ್ಮೆಯಿಂದ.

"ಅಪ್ಪಾ, ನಾ ವಾಪಸ್ ಬರ್ತೀನಿ. ನನಗ ಇಲ್ಲಿ ಆಗೂದಿಲ್ಲ."

ಆ ಕಡೆ, ಮನೆ ಹತ್ತಿರದ ಸಾತಾರಾ ರಸ್ತೆಯ ಲಾರಿಗಳ ಹಾರ್ನ್ ಕೇಳಿಸಿತು. ಆಮೇಲೆ ಅಪ್ಪ, "ಬಾ. ಯಾರ ಬ್ಯಾಡ ಅಂತಾರ? ನಿನ್ನ ಮನಿಗೆ ನೀ ಬರಾಕ ಯಾರನ್ನ ಕೇಳಬೇಕು" ಎಂದರು. ಧ್ವನಿ ಒಂದಿಷ್ಟೂ ಅಲುಗಲಿಲ್ಲ. ನನಗೆ ಅದರಿಂದ ಇನ್ನೂ ಹೆಚ್ಚು ಅಳು ಬಂತು. "ತಡಿ, ನಿಮ್ಮವ್ವನ ಕೂಡ ಮಾತಾಡು" ಎಂದು ಫೋನು ದಾಟಿಸಿದರು.

ಅಮ್ಮ ಎಲ್ಲವನ್ನೂ ಪಕ್ಕದಲ್ಲೇ ನಿಂತು ಕೇಳಿಸಿಕೊಂಡಿದ್ದಳು. ಬಾ ಎನ್ನಲಿಲ್ಲ, ಬೇಡ ಎನ್ನಲಿಲ್ಲ. ಹಿಂದಿನ ದಿನದ ಫೋನಿನಲ್ಲಿ ಅವಳಿಗೆ ಬೋಗುಣಿಯ ಕಥೆ ಹೇಳಿದ್ದೆ. "ಆ ಹುಡುಗಿ ಬಟ್ಟಲಾ ಕೊಟ್ಟಿ ಏನು?" ಎಂದು ಕೇಳಿದಳು.

"ಇಲ್ಲವಾ. ಏನ ಹಾಕಿ ಕೊಡ್ಲಿ? ಬ್ಯಾಗೇ ಬಂದಿಲ್ಲ."

"ಸಕ್ಕರಿ ಹಾಕಿ ಕೊಡು."

"ಸಕ್ಕರಿ ಹಾಕಿ ಕೊಟ್ರ ನನಗ ತಲಿ ಕೆಟ್ಟದ ಅಂತಾಳ. ಅವರಿಗೇನ ಗೊತ್ತು ನಮ್ಮ ಪದ್ಧತಿ?"

"ಹಂಗಾರ ಏನರೆ ಮಾಡಿ ಹಾಕು. ಒಬ್ಬರ ಬಟ್ಟಲಾ ಇಟಗೊಂಡು ಊರ ಬಿಡಬಾರದು. ಖಾಲಿನೂ ಕೊಡಬಾರದು. ಕೊಟ್ಟ ಬಾ" ಎಂದು ಫೋನು ಇಟ್ಟುಬಿಟ್ಟಳು.

ಅವಳು ಬೇಕೆಂದೇ ಹಾಗೆ ಹೇಳಿದಳೋ, ನಿಜವಾಗಿಯೂ ಅವಳಿಗೆ ಮಗಳಿಗಿಂತ ಬಟ್ಟಲಿನ ಚಿಂತೆ ಹೆಚ್ಚಾಗಿತ್ತೋ ನನಗೆ ಇವತ್ತಿಗೂ ತಿಳಿಯದು. ಆಮೇಲೆ ಎಷ್ಟೋ ಸಲ ಕೇಳಿದ್ದೇನೆ. "ನನಗ ನೆಪ್ಪಿಲ್ಲವಾ" ಎಂದು ಜಾರಿಕೊಳ್ಳುತ್ತಾಳೆ.

ಬುಧವಾರ ಉಪ್ಪಿಟ್ಟಿಗೆ ಕೈ ಹಾಕಿದೆ. ಅಂಗಡಿಯಲ್ಲಿ ರವೆಯ ಹಾಗೆ ಕಾಣುವ ಒಂದು ಪೊಟ್ಟಣ ಸಿಕ್ಕಿತು. ತೊಂದರೆಯೆಂದರೆ ಒಗ್ಗರಣೆ. ಕೋಣೆಯ ಬೀಗದ ಕೈ ಕೊಡುವಾಗಲೇ ನಿಲಯದ ಮೇಲ್ವಿಚಾರಕ ಚಾವಣಿಯ ಬಿಳಿ ಬಿಲ್ಲೆ ತೋರಿಸಿ, ಹೊಗೆ ಹೋದರೆ ಅದು ಕೂಗುತ್ತದೆ, ಕೂಗಿದರೆ ಬೆಂಕಿ ಆರಿಸುವ ವಾಹನ ಬರುತ್ತದೆ ಎಂದು ಹೆದರಿಸಿದ್ದ. ಬೆಂಕಿಯವರು ಬಂದು ನನ್ನ ಉಪ್ಪಿಟ್ಟು ನೋಡುವ ದೃಶ್ಯ ಕಣ್ಣಮುಂದೆ ಬಂತು. ಆದ್ದರಿಂದ ಒಲೆಗೆ ಬೆನ್ನು ಕೊಟ್ಟು, ಬಿಲ್ಲೆಯ ಮೇಲೆ ಕಣ್ಣಿಟ್ಟು ರವೆ ಹುರಿದೆ. ರವೆ ಸೀದು ಕಪ್ಪಾಯಿತು. ಬಿಲ್ಲೆ ಕೂಗಲಿಲ್ಲ. ಉಳಿದದ್ದಕ್ಕೆ ನೀರು ಹಾಕಿದರೆ ಪೋಸ್ಟರು ಅಂಟಿಸುವ ಗೋಂದು ತಯಾರಾಯಿತು. ಅದನ್ನು ಅಮ್ರಾಗೆ ಕೊಡುವುದಕ್ಕಿಂತ ಬೋಗುಣಿ ಕದ್ದುಕೊಂಡು ಹೋಗುವುದೇ ಮರ್ಯಾದೆ ಅನ್ನಿಸಿತು.

ಗುರುವಾರ ತರಗತಿಗೆ ಹೋದೆ. ಹೋಗಬೇಕೆಂದಲ್ಲ, ಕೋಣೆಯಲ್ಲಿದ್ದರೆ ಬೋಗುಣಿ ಕಣ್ಣಿಗೆ ಬೀಳುತ್ತಿತ್ತು. ಪಾಠ ಟ್ರಾಮು ನಿಲ್ದಾಣಗಳ ಬಗ್ಗೆ. ನಮ್ಮ ಊರಲ್ಲಿ ಜನ ಕೈ ತೋರಿಸಿ ಬಸ್ಸು ನಿಲ್ಲಿಸುತ್ತಾರೆ ಎಂದು ಬಾಯಿತಪ್ಪಿ ಹೇಳಿದೆ. ಮೇಷ್ಟರು ನಗಲಿಲ್ಲ. ಎಲ್ಲಿ ನಿಲ್ಲುತ್ತಾರೆ, ಯಾರು ನಿಲ್ಲಿಸುತ್ತಾರೆ ಎಂದು ಕೇಳುತ್ತ ಹೋದರು. ನಾನೂ ಹೇಳುತ್ತ ಹೋದೆ. ಆದರೂ ತೀರ್ಮಾನ ಬದಲಾಗಲಿಲ್ಲ. ಬೋಗುಣಿ ಕೊಡುವುದು, ಹೊರಡುವುದು.

ಶುಕ್ರವಾರ ಮಧ್ಯಾಹ್ನ ಬ್ಯಾಗು ಬಂತು. ಚಕ್ರ ಮುರಿದು, ಮೈಯೆಲ್ಲ ಗೀಚಿಕೊಂಡು, ನನ್ನ ಹಾಗೆಯೇ ಬಂದಿತ್ತು. ತೆರೆದರೆ ಕಾತ್ರಜದ ನಮ್ಮ ಅಡುಗೆಮನೆಯ ವಾಸನೆ ಕೋಣೆ ತುಂಬಿತು. ರೊಟ್ಟಿಗಳೆಲ್ಲ ಚೂರುಚೂರಾಗಿದ್ದವು. ಇಡಿಯಾದದ್ದು ಒಂದೂ ಇರಲಿಲ್ಲ. ನೆಲದ ಮೇಲೆ ಕೂತು ಇನ್ನೊಂದು ಸುತ್ತು ಅತ್ತು, ಅಳುತ್ತಲೇ ಒಂದು ಚೂರು ಬಾಯಿಗೆ ಹಾಕಿಕೊಂಡೆ. ಆಗ ನೆನಪಾಯಿತು. ಮುರಿದ ರೊಟ್ಟಿಯನ್ನು ನಮ್ಮ ಮನೆಯಲ್ಲಿ ಯಾವತ್ತೂ ಬಿಸಾಡಿದ್ದಿಲ್ಲ, ನೀರು ಚಿಮುಕಿಸಿ ಒಗ್ಗರಣೆ ಹಾಕುತ್ತಿದ್ದರು.

ಈರುಳ್ಳಿ ಹೆಚ್ಚಿದೆ. ಕಿಟಕಿ ತೆಗೆದೆ, ಬಾಗಿಲ ಸಂದಿಗೆ ಒದ್ದೆ ಟವೆಲು ತುರುಕಿದೆ. ಸಾಸಿವೆ ಸಿಡಿಯಿತು. ಬಿಲ್ಲೆಯ ಕಡೆ ನೋಡಲೇ ಇಲ್ಲ, ಬರಲಿ ಬೆಂಕಿಯವರು, ಅವರಿಗೂ ಒಂದು ತುತ್ತು ಕೊಟ್ಟರಾಯಿತು. ಅಮ್ಮನ ಖಾರ ಎಣ್ಣೆಗೆ ಬಿದ್ದಾಗ ನಾನು ಸೀನಿದೆ. ಕಾರಿಡಾರಿನಲ್ಲಿ ಯಾರೋ ಸೀನಿದರು. ಬಿಲ್ಲೆ ಮಾತ್ರ ಸುಮ್ಮನಿತ್ತು.

ನೀಲಿ ಹೂವಿನ ಬೋಗುಣಿಗೆ ರೊಟ್ಟಿ ಒಗ್ಗರಣೆ ತುಂಬಿ, ಮೇಲೆ ಶೇಂಗಾ ಚಟ್ನಿ ಉದುರಿಸಿ, ಅಮ್ರಾಳ ಬಾಗಿಲು ತಟ್ಟಿದೆ. ಹೇಳಬೇಕಾದ ಮಾತು ಬಾಯಿಪಾಠ ಮಾಡಿದ್ದೆ: ತಡವಾಯಿತು ಕ್ಷಮಿಸು, ನಾನು ಊರಿಗೆ ಹೊರಟಿದ್ದೇನೆ, ಬಹಳ ಉಪಕಾರವಾಯಿತು.

ಬಾಗಿಲು ತೆರೆಯಿತು. ಅಮ್ರಾ ಎಡಗೈಯಲ್ಲಿ ಹಿಡಿಯಿರುವ ಅಡುಗೆಯ ಪಾತ್ರೆ, ಬಲಗೈಯಲ್ಲಿ ಚಮಚ ಹಿಡಿದು ನಿಂತಿದ್ದಳು. ಪಾತ್ರೆಯಿಂದಲೇ ಸಾರು ಕುಡಿಯುತ್ತಿದ್ದಳು. ಅವಳ ಹಿಂದೆ ಮೇಜು ಕಾಣುತ್ತಿತ್ತು. ಒಂದು ಕಪ್ಪು, ಒಂದು ಚಾಕು. ತಟ್ಟೆಯಿಲ್ಲ, ಬಟ್ಟಲಿಲ್ಲ.

"ಇದೊಂದೇನಾ ನಿನ್ನ ಬಳಿ ಇದ್ದದ್ದು?" ಎಂದೆ.

"ಅಮ್ಮ ಒಂದೇ ಕಟ್ಟಿಕೊಟ್ಟಿದ್ದಳು. ಇನ್ನೊಂದು ಕೊಳ್ಳಬೇಕು, ಕೊಳ್ಳುತ್ತೇನೆ" ಎಂದು ಅವಳು ತೀರಾ ಸಹಜವಾಗಿ ಹೇಳಿ, ಬೋಗುಣಿಗೆ ಬಗ್ಗಿ ಮೂಸಿದಳು. ಥೇಟ್ ಶಿಂದೆ ಕಾಕೂ.

ಮರ್ಯಾದೆ ಮರ್ಯಾದೆ ಎಂದು ನಾನು ಕಿಟಕಿಯ ಮೇಲೆ ಪೂಜೆಗಿಟ್ಟ ಹಾಗೆ ಇಟ್ಟುಕೊಂಡಿದ್ದದ್ದು ಅವಳು ಉಣ್ಣುವ ಬಟ್ಟಲು. ನನಗೆ ನಾಚಿಕೆಯಿಂದ ನೆಲ ಬಿರಿಯಬಾರದೇ ಅನ್ನಿಸಿತು. "ಮತ್ತೆ ಯಾಕೆ ಕೇಳಲಿಲ್ಲ? ಪಕ್ಕದಲ್ಲೇ ಇದ್ದೆನಲ್ಲ, ಒಂದು ಸಲ ಬಾಗಿಲು ಬಡಿದಿದ್ದರೆ ಸಾಕಾಗಿತ್ತು" ಎಂದೆ. ತಪ್ಪು ನನ್ನದಾದರೂ ಗದರಿಸಿದ್ದು ಅವಳನ್ನು.

ಅಮ್ರಾ ಚಮಚ ಕೆಳಗಿಟ್ಟಳು. "ನಮ್ಮಲ್ಲಿ ಪಕ್ಕದ ಮನೆಯ ಬೋಗುಣಿಯನ್ನು ಖಾಲಿ ಕೊಡುವುದಿಲ್ಲ. ಏನೂ ಇಲ್ಲದಿದ್ದರೆ ಎರಡು ಆಕ್ರೋಟವನ್ನಾದರೂ ಹಾಕುತ್ತಾರೆ. ನಿಮ್ಮಲ್ಲಿ ಹೇಗೋ ಗೊತ್ತಿರಲಿಲ್ಲ. ಬುಧವಾರ ಸೀದ ವಾಸನೆ ಬಂತು, ಆಗ ಗೊತ್ತಾಯಿತು" ಎಂದು ನಕ್ಕಳು. ಆಮೇಲೆ ನಗು ನಿಲ್ಲಿಸಿ, "ಗೋಡೆ ತೆಳ್ಳಗಿದೆ. ನೀನು ಅಳುವುದು ಕೇಳುತ್ತಿತ್ತು. ಬಂದ ಹೊಸದರಲ್ಲಿ ನಾನೂ ಅತ್ತಿದ್ದೆ. ನಾನು ಬೋಗುಣಿ ಕೇಳಿದ್ದರೆ ನೀನು ಖಾಲಿ ಕೊಟ್ಟು ಹೊರಟುಹೋಗುತ್ತಿದ್ದೆ" ಎಂದಳು.

ಬಾಯಿಪಾಠ ಮಾಡಿದ ಮಾತು ಬಿಟ್ಟು ಒಳಗೆ ಹೋಗಿ ಕೂತೆ. ಒಂದೇ ಬೋಗುಣಿಯನ್ನು ನಡುವೆ ಇಟ್ಟುಕೊಂಡು ಇಬ್ಬರೂ ಉಂಡೆವು. ಖಾರಕ್ಕೆ ಅವಳ ಕಣ್ಣಲ್ಲಿ ನೀರು, ನನ್ನ ಕಣ್ಣಲ್ಲಿಯೂ ನೀರು, ನನ್ನದನ್ನೂ ಖಾರದ ಲೆಕ್ಕಕ್ಕೇ ಹಾಕಿದೆ. ಮರುದಿನ ಅವಳು ಅದೇ ಬೋಗುಣಿಯಲ್ಲಿ ಸೇಬಿನ ಹಲ್ವದಂಥದ್ದೇನನ್ನೋ ತಂದಳು. ಮತ್ತೆ ಬೋಗುಣಿ ನನ್ನ ಬಳಿ, ಮತ್ತೆ ನಾನು ಏನಾದರೂ ಮಾಡಬೇಕು. ಇರುತ್ತೇನೆ ಎಂದು ನಾನು ಯಾರಿಗೂ ಹೇಳಲಿಲ್ಲ. ಹೊರಡಲು ಪುರುಸೊತ್ತಾಗಲಿಲ್ಲ, ಅಷ್ಟೆ. ಓದು ಮುಗಿಸಿ ಪುಣೆಗೆ ಬಂದೆ. ನನ್ನ ಫ್ಲೆಕ್ಸನ್ನು ಸೊಸೈಟಿಯ ವಾಚಮನ್ ಇಳಿಸಿಕೊಂಡು ತನ್ನ ಸ್ಕೂಟರಿಗೆ ಹೊದಿಸಿದ್ದ. "ನೋಡವಾ, ಮಳಿಗಾಲದಾಗ ಭಾಳ ಉಪಯೋಗ ಆತು" ಎಂದು ಅಪ್ಪ ಅದನ್ನೂ ಹೆಮ್ಮೆಯಿಂದಲೇ ಹೇಳಿದರು.

ಹೆಸರು ಕೊರೆಸಿದ ಅಮ್ಮನ ಆ ಡಬ್ಬಿಯೂ ನಮ್ಮ ನಡುವೆ ಓಡಾಡಿ, ಕೊನೆಗೆ ನನ್ನ ಜೊತೆ ಖರಾಡಿಗೆ ಬಂದಿದೆ. ನೀಲಿ ಹೂವಿನ ಬೋಗುಣಿ ಅಮ್ರಾ ಬಳಿ ಇದೆ. ಕಳೆದ ಸಲ ನಾನೇ ತುಂಬಿಕೊಟ್ಟದ್ದು, ಆದ್ದರಿಂದ ಈಗ ಅವಳ ಸರದಿ. ಫೋನಿನಲ್ಲಿ ಆಗಾಗ ನೆನಪಿಸುತ್ತೇನೆ.

ಇಷ್ಟು ಬರೆದು ಎದ್ದೆ. ರಮ್ಯಾಳ ಪ್ಲಾಸ್ಟಿಕ್ ಡಬ್ಬಿಯಲ್ಲಿ ಸಾಸಿವೆ ಹಾಕಿ ಒಳಗಿಟ್ಟೆ, ಅದು ಇನ್ನು ನಮ್ಮ ಮನೆಯದು. ಕಾತ್ರಜದಿಂದ ಬಂದ ರೊಟ್ಟಿ ಮುರಿದು ಒಗ್ಗರಣೆ ಹಾಕಿದೆ. ಅಮ್ಮನ ಸ್ಟೀಲ್ ಡಬ್ಬಿಗೆ ತುಂಬಿ ಎದುರು ಮನೆಯ ಗಂಟೆ ಒತ್ತಿದೆ. ರಮ್ಯಾ ಬಾಗಿಲು ತೆಗೆದಳು. ಹಿಂದೆ ಸೋಫಾದ ಮೇಲೆ ಊರಿಗೆ ಹೊರಡುವ ಬ್ಯಾಗು ಅರ್ಧ ತುಂಬಿತ್ತು.

"ಅಯ್ಯೋ ಅಕ್ಕಾ, ಇದೆಲ್ಲ ಯಾಕೆ? ಒಂದ್ನಿಮಿಷ ಇರಿ, ಬೇರೆ ಪಾತ್ರೆಗೆ ಹಾಕ್ಕೊಂಡು ಈಗ್ಲೇ ಡಬ್ಬಿ ಕೊಟ್ಬಿಡ್ತೀನಿ" ಎಂದಳು.

"ಈಗ ಬ್ಯಾಡವಾ" ಎಂದೆ. "ನಮ್ಮವ್ವನ ಡಬ್ಬಿ ಅದು, ವಾಪಸ್ ಬೇಕ ಬೇಕು. ಆದ್ರ ಅವಸರ ಇಲ್ಲ. ಊರಿಗೆ ಹೋಗಿ ಬಾ, ಬಂದ ಮ್ಯಾಲ ಕೊಡು."